ಪುಣೆಯ ಹಳೇ ಮನೆ, ಪಾಯದ ಬಿರುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ನಮ್ಮ ಕನ್ನಡದವರ ಹಳೇ ಮನೆಗಳು ಬೇಕಾದಷ್ಟಿವೆ. ಧಾರವಾಡ, ವಿಜಯಪುರ, ಕಲಬುರಗಿ, ಉಡುಪಿ ಕಡೆಯಿಂದ ನೌಕರಿಗೆ ಬಂದವರು 60, 70ರ ದಶಕದಲ್ಲಿ ಸೊಸೈಟಿ ಪ್ಲಾಟ್ ಹಿಡಿದು ಕಟ್ಟಿಸಿದ ಮನೆಗಳಿವು. ಕಪ್ಪು ಕಲ್ಲಿನ ಪಾಯ, ಇಟ್ಟಿಗೆ ಗೋಡೆ, ಮೇಲೊಂದು ಸ್ಲ್ಯಾಬ್. ಈಗ ಅವಕ್ಕೆ ಐವತ್ತು ದಾಟಿದೆ. ಮಕ್ಕಳು ದೂರದಲ್ಲಿದ್ದಾರೆ, ಮನೆಯಲ್ಲಿ ವಯಸ್ಸಾದ ಇಬ್ಬರೇ ಇದ್ದಾರೆ, ಗೋಡೆಯಲ್ಲಿ ಬಿರುಕು ಕಾಣುತ್ತಿದೆ.

ಹಳೇ ಮನೆ ರಿಪೇರಿ ನನ್ನ ಕೆಲಸ. ಬೇಸಿಗೆ ಮುಗಿಯುವ ಹೊತ್ತಿಗೆ ಇವೇ ಪ್ರಶ್ನೆಗಳು ಬರುತ್ತವೆ. ಎಲ್ಲದಕ್ಕೂ ಮೊದಲು ಒಂದು ಮಾತು: ಬಿರುಕು ತುಂಬಲು ಅವಸರ ಮಾಡಬೇಡಿ. ಅದು ಇನ್ನೂ ಬೆಳೆಯುತ್ತಿದೆಯಾ, ನಿಂತುಹೋಗಿದೆಯಾ ಅಂತ ಮೊದಲು ಗೊತ್ತಾಗಬೇಕು. ಪಾಯದ ಹತ್ತಿರ ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಬೇಕು. ಇವೆರಡು ತಿಳಿಯದೆ ಸುರಿದ ದುಡ್ಡು ಮುಂದಿನ ವರ್ಷ ಮತ್ತೆ ಅದೇ ಜಾಗದಲ್ಲಿ ಒಡೆಯುತ್ತದೆ.

ಗೋಡೆಯಲ್ಲಿ ಬಿರುಕು ಬಿಟ್ಟಿದೆ. ಪಾಯವೇ ಕುಸಿದಿದೆಯಾ?

ಎಷ್ಟೋ ಸಲ ಹಾಗೇನೂ ಇರುವುದಿಲ್ಲ. ಮೊದಲು ಬೆರಳಿನ ಗೆಣ್ಣಿನಿಂದ ಬಿರುಕಿನ ಅಕ್ಕಪಕ್ಕ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಪ್ಲಾಸ್ಟರ್ ಗೋಡೆಯಿಂದ ಬಿಟ್ಟುಕೊಂಡಿದೆ ಅಂತ ಅರ್ಥ. ಬಿರುಕಿನ ಮೇಲೆ ಒಂದು ಗೇಣು ಅಗಲ ಪ್ಲಾಸ್ಟರ್ ಕೆತ್ತಿಸಿ. ಹಿಂದಿನ ಇಟ್ಟಿಗೆ ಅಥವಾ ಕಲ್ಲು ಗಟ್ಟಿಯಾಗಿದ್ದರೆ ಅದು ಬರೀ ಪ್ಲಾಸ್ಟರಿನ ಬಿರುಕು.

ಸ್ಲ್ಯಾಬಿನ ಕೆಳಗೆ, ಗೋಡೆಯ ತುದಿಯಲ್ಲಿ ಅಡ್ಡಕ್ಕೆ ಉದ್ದ ಗೆರೆ ಬಿದ್ದಿದ್ದರೆ ಅದು ಬಿಸಿಲಿನದು. ಏಪ್ರಿಲ್, ಮೇ ಬಿಸಿಲಿಗೆ ಸ್ಲ್ಯಾಬ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಕೆಳಗಿನ ಗೋಡೆ ಅಷ್ಟು ಅಲುಗಾಡುವುದಿಲ್ಲ. ಮೇಲಿನ ಮಹಡಿಯಲ್ಲಿ ಮಾತ್ರ ಕಾಣುತ್ತದೆ. ಕಾಂಕ್ರೀಟ್ ಬೀಮ್ ಮತ್ತು ಇಟ್ಟಿಗೆ ಸೇರುವ ಕಡೆ ಬಿದ್ದ ನೇರ ಗೆರೆಯೂ ಪಾಯದ್ದಲ್ಲ.

ಪಾಯದ ಬಿರುಕಿನ ಲಕ್ಷಣವೇ ಬೇರೆ. ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತದೆ. ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಹತ್ತುತ್ತದೆ. ಕಿಟಕಿ, ಬಾಗಿಲಿನ ಮೂಲೆಯಿಂದ ಹೊರಡುತ್ತದೆ. ಕೆಳಗೆ ಪ್ಲಿಂತ್ ತನಕ, ಅಂದರೆ ಮಣ್ಣಿನ ಮೇಲೆ ಕಾಣುವ ಪಾಯದ ಕಟ್ಟೆಯ ತನಕ, ಎಷ್ಟೋ ಸಲ ಅದನ್ನೂ ಸೀಳಿಕೊಂಡು ಮಣ್ಣಿಗೆ ಇಳಿದಿರುತ್ತದೆ. ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಣ್ಣ.

ಎಷ್ಟು ಅಗಲ ಇದ್ದರೆ ಹೆದರಬೇಕು?

ಬ್ರಿಟನ್ನಿನ ಬಿಲ್ಡಿಂಗ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್ ಮಾಡಿದ ಒಂದು ವಿಂಗಡಣೆಯನ್ನು ಇಂಜಿನಿಯರುಗಳು ಎಲ್ಲ ಕಡೆ ಬಳಸುತ್ತಾರೆ. ಇಟ್ಟಿಗೆ, ಕಲ್ಲಿನ ಗೋಡೆಗೆ ಅದು ಹೀಗಿದೆ. 1 ಮಿ.ಮೀ. ತನಕ ಬಣ್ಣ ಹೊಡೆಯುವಾಗ ಮುಚ್ಚುವಂಥದ್ದು. 5 ಮಿ.ಮೀ. ತನಕ ತುಂಬಿಸಿದರೆ ಸಾಕು, ಬಾಗಿಲು ಸ್ವಲ್ಪ ಬಿಗಿಯಾಗಬಹುದು. 5ರಿಂದ 15 ಮಿ.ಮೀ. ಇದ್ದರೆ ಗೋಡೆ ಬಿಚ್ಚಿ ರಿಪೇರಿ ಮಾಡಬೇಕು, ಪೈಪುಗಳೂ ಒಡೆದಿರಬಹುದು. 15ರಿಂದ 25 ಇದ್ದರೆ ಆ ಭಾಗದ ಗೋಡೆಯನ್ನೇ ಮತ್ತೆ ಕಟ್ಟಬೇಕಾದೀತು. 25 ದಾಟಿದರೆ ಮನೆ ನಿಲ್ಲುವ ಪ್ರಶ್ನೆಯೇ ಬರುತ್ತದೆ.

ಮನೆಯಲ್ಲಿ ಅಳೆಯಲು ಏನೂ ಇಲ್ವಾ? ಎಟಿಎಂ ಕಾರ್ಡಿನ ದಪ್ಪ ಸುಮಾರು 0.76 ಮಿ.ಮೀ. ಕಾರ್ಡ್ ಬಿರುಕಿನೊಳಗೆ ಹೋಗದಿದ್ದರೆ ಸದ್ಯಕ್ಕೆ ಸಮಾಧಾನವಾಗಿರಿ.

ಆದರೆ ಅಗಲವೊಂದನ್ನೇ ನಂಬಬೇಡಿ. ಮೂವತ್ತು ವರ್ಷದಿಂದ ಹಾಗೇ ಇರುವ 6 ಮಿ.ಮೀ. ಬಿರುಕಿಗಿಂತ ಹೋದ ಮಳೆಗಾಲದಲ್ಲಿ ಹುಟ್ಟಿ ಈಗ 2 ಮಿ.ಮೀ. ಆಗಿರುವ ಬಿರುಕೇ ನನಗೆ ಜಾಸ್ತಿ ಚಿಂತೆ. ಹಳೇ ಬಿರುಕಿನ ಅಂಚು ಮೊಂಡಾಗಿರುತ್ತದೆ, ಒಳಗೆ ಧೂಳು, ಬಣ್ಣ, ಜೇಡರ ಬಲೆ ಇರುತ್ತದೆ. ಹೊಸದರ ಅಂಚು ಚೂಪಾಗಿ, ಒಳಗೆ ಸ್ವಚ್ಛವಾಗಿ ಇರುತ್ತದೆ. ಟಾರ್ಚ್ ಹಿಡಿದು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಕಾಂಕ್ರೀಟ್ ಪಿಲ್ಲರ್, ಬೀಮುಗಳ ಲೆಕ್ಕ ಬೇರೆ. ಅಲ್ಲಿ ಭಾರತದ ಕಾಂಕ್ರೀಟ್ ಮಾನದಂಡ ಐಎಸ್ 456 ಸಾಮಾನ್ಯವಾಗಿ ಒಪ್ಪುವುದು 0.3 ಮಿ.ಮೀ. ಮಾತ್ರ. ಪಿಲ್ಲರಿನ ಉದ್ದಕ್ಕೂ ಮೇಲಿಂದ ಕೆಳಗೆ ನೇರವಾಗಿ ಸೀಳಿ ಕಂದು ಕಲೆ ಇಳಿದಿದ್ದರೆ ಒಳಗಿನ ಸರಳು ತುಕ್ಕು ಹಿಡಿದಿದೆ. ಅದಕ್ಕೂ ಪಾಯಕ್ಕೂ ಸಂಬಂಧವಿಲ್ಲ, ಆದರೆ ತಡ ಮಾಡುವ ವಿಷಯವೂ ಅಲ್ಲ.

ಬಿರುಕು ನೋಡಿಯೇ ಯಾವ ಕಡೆ ಕುಸಿದಿದೆ ಅಂತ ಹೇಳಬಹುದಾ?

ಬಹುಮಟ್ಟಿಗೆ ಹೇಳಬಹುದು. ಓರೆ ಬಿರುಕಿನ ಮೇಲಿನ ತುದಿ ಯಾವ ಕಡೆ ವಾಲಿದೆಯೋ ಆ ಕಡೆಯ ಪಾಯ ಇಳಿದಿದೆ. ಗೋಡೆಯ ನಡುಭಾಗ ಕುಸಿದರೆ ಎರಡೂ ಕಡೆಯಿಂದ ಬಿರುಕುಗಳು ನಡುವಿನ ಕಡೆಗೆ ಹತ್ತಿ ಕಮಾನಿನಂತೆ ಕಾಣುತ್ತವೆ, ಕೆಳಗೆ ಅಗಲವಾಗಿರುತ್ತವೆ. ಮನೆಯ ತುದಿ ಅಥವಾ ಮೂಲೆ ಕುಸಿದರೆ ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ.

ನಾಲ್ಕೂ ಕಡೆಯ ಗೋಡೆಯನ್ನು ಕಾಗದದ ಮೇಲೆ ಬರೆದುಕೊಂಡು ಪ್ರತಿ ಬಿರುಕನ್ನೂ ಗುರುತು ಮಾಡಿ. ಆ ಚಿತ್ರದಲ್ಲೇ ಬಚ್ಚಲಿನ ಪೈಪ್, ಮಳೆ ನೀರಿನ ಪೈಪ್, ಡ್ರೈನೇಜ್ ಚೇಂಬರ್, ನೆಲದೊಳಗಿನ ಟ್ಯಾಂಕ್, ಮರ ಎಲ್ಲ ಬರೆಯಿರಿ. ಬಿರುಕುಗಳೆಲ್ಲ ಒಂದೇ ಮೂಲೆಗೆ ಬೊಟ್ಟು ಮಾಡುತ್ತವೆ, ಆ ಮೂಲೆಯಲ್ಲೇ ಚೇಂಬರ್ ಇರುತ್ತದೆ. ಇದನ್ನು ನಾನು ಬಹಳ ಸಲ ನೋಡಿದ್ದೇನೆ.

ಬೆಳೆಯುತ್ತಿದೆಯಾ ಅಂತ ಮನೆಯಲ್ಲೇ ನೋಡುವುದು ಹೇಗೆ?

ಹಳೇ ಪದ್ಧತಿ ಅಂದರೆ ಬಿರುಕಿನ ಮೇಲೆ ತೆಳು ಗಾಜಿನ ಪಟ್ಟಿಯನ್ನು ಅಡ್ಡಕ್ಕೆ ಇಟ್ಟು ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಚ್ಚುವುದು. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಅಗ್ಗದ ಉಪಾಯ, ಆದರೆ ಎಷ್ಟು ಸರಿಯಿತು, ಯಾವ ಕಡೆ ಸರಿಯಿತು ಅಂತ ಹೇಳುವುದಿಲ್ಲ.

ನಾನು ಹೇಳುವುದು ಮೂರು ಸ್ಕ್ರೂಗಳ ಪದ್ಧತಿ. ಬಿರುಕಿನ ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು, ತ್ರಿಕೋನವಾಗುವಂತೆ ಸಣ್ಣ ಹಿತ್ತಾಳೆ ಸ್ಕ್ರೂ ಕೂಡಿಸಿ. ಪ್ಲಾಸ್ಟರಿಗಲ್ಲ, ಇಟ್ಟಿಗೆಗೇ ಕೂರಬೇಕು. ಡಿಜಿಟಲ್ ವರ್ನಿಯರ್ ಕ್ಯಾಲಿಪರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಸ್ಕ್ರೂನಿಂದ ಸ್ಕ್ರೂಗೆ ಇರುವ ದೂರ ಅಳೆದು ಬರೆದಿಡಿ. ಬಿರುಕು ತೆರೆಯುತ್ತಿದೆಯಾ, ಮೇಲೆ ಕೆಳಗೆ ಜಾರುತ್ತಿದೆಯಾ ಎರಡೂ ಗೊತ್ತಾಗುತ್ತದೆ. ಹದಿನೈದು ದಿನಕ್ಕೊಮ್ಮೆ, ಬೆಳಗ್ಗೆ ಒಂದೇ ಹೊತ್ತಿಗೆ ಅಳೆಯಿರಿ. ಮಧ್ಯಾಹ್ನದ ಬಿಸಿಲಲ್ಲಿ ಗೋಡೆ ತಾನೇ ಹಿಗ್ಗಿರುತ್ತದೆ. ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಹಾಕಿ.

ಸಹಕಾರ ನಗರದ ಕಡೆಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಇದನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಟ್ಟಿದ್ದರು. ತಾರೀಖು, ಮೂರು ಅಳತೆ, ಪಕ್ಕದಲ್ಲಿ "ಮಳೆ", "ಬಿಸಿಲು", "ಟ್ಯಾಂಕ್ ತುಂಬಿ ಹರಿಯಿತು" ಅಂತ ಒಂದೊಂದು ಮಾತು. ಮುಂದಿನ ವರಾಂಡದ ಬಿರುಕು ಮೇ ತಿಂಗಳಲ್ಲಿ ತೆರೆದು ಆಗಸ್ಟಿನಲ್ಲಿ ಮುಚ್ಚಿಕೊಂಡಿತ್ತು. ಹಿಂದಿನ ಬಚ್ಚಲಿನ ಬಿರುಕು ಮಾತ್ರ ಮಳೆ, ಬಿಸಿಲು ಯಾವುದನ್ನೂ ಲೆಕ್ಕಿಸದೆ ಒಂದೇ ಸಮನೆ ಬೆಳೆದಿತ್ತು. ಎರಡಕ್ಕೂ ಕಾರಣ ಬೇರೆ ಅಂತ ಆ ಪುಸ್ತಕವೇ ಹೇಳಿತು. ಬಚ್ಚಲಿನ ಹತ್ತಿರ ಅಗೆದಾಗ ಒಡೆದ ಡ್ರೈನೇಜ್ ಪೈಪ್ ಸಿಕ್ಕಿತು. ಆ ಪುಸ್ತಕ ಇಲ್ಲದಿದ್ದರೆ ಎರಡಕ್ಕೂ ಒಂದೇ ಮದ್ದು ಹಾಕಿ ದುಡ್ಡು ಕಳೆಯುತ್ತಿದ್ದರು.

ಕಡೇ ಪಕ್ಷ ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ಬಿರುಕು ದಿನದಿಂದ ದಿನಕ್ಕೆ ಬೆಳೆಯುವುದು ಕಂಡರೆ ಮಾತ್ರ ಕಾಯಬೇಡಿ, ಕೂಡಲೇ ಇಂಜಿನಿಯರನ್ನು ಕರೆಸಿ.

ಬೇಸಿಗೆಯಲ್ಲಿ ತೆರೆದು ಮಳೆಗಾಲದಲ್ಲಿ ಮುಚ್ಚುವುದು ಯಾಕೆ?

ಎರೆ ಮಣ್ಣು. ಗದಗ, ವಿಜಯಪುರದವರಿಗೆ ವಿವರಿಸಬೇಕಿಲ್ಲ, ಏಪ್ರಿಲ್‌ನಲ್ಲಿ ಹೊಲ ಹೇಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುತ್ತದೆ ಅಂತ ಚಿಕ್ಕಂದಿನಿಂದ ನೋಡಿದ್ದೀರಿ. ಅದೇ ಮಣ್ಣು ಪುಣೆಯಲ್ಲೂ ಇದೆ. ದಖ್ಖನ್ನಿನ ಕಪ್ಪು ಕಲ್ಲು ಸಾವಿರಾರು ವರ್ಷ ಕರಗಿ ಆದ ಮಣ್ಣು ಇದು. ಇದರಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಖನಿಜ ಇರುತ್ತದೆ. ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ.

ಪುಣೆಯ ಮಳೆ ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ಮಣ್ಣು ಒಣಗುತ್ತಲೇ ಇರುತ್ತದೆ. ಮನೆಯ ನಡುವಿನ ಮಣ್ಣಿಗೆ ಬಿಸಿಲು ತಾಗುವುದಿಲ್ಲ, ಹಾಗಾಗಿ ಅದು ಅಷ್ಟಾಗಿ ಬದಲಾಗುವುದಿಲ್ಲ. ಹೊರಗೋಡೆಯ ಕೆಳಗಿನ ಮಣ್ಣು, ಅದರಲ್ಲೂ ಮೂಲೆಗಳದ್ದು, ಎರಡು ಕಡೆಯಿಂದ ಒಣಗುತ್ತದೆ. ಅದಕ್ಕೇ ಮೊದಲು ಮೂಲೆ, ವರಾಂಡ, ಪೋರ್ಚ್, ಕಾಂಪೌಂಡ್ ಗೋಡೆ ಬಿರಿಯುತ್ತವೆ.

ಈ ಉಬ್ಬು ಕುಗ್ಗು ನಮ್ಮ ದೇಶದ ಎರೆ ಮಣ್ಣಿನಲ್ಲಿ ಸುಮಾರು 3.5 ಮೀಟರ್ ಆಳದ ತನಕ ಇರುತ್ತದೆ. ಅದಕ್ಕೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ (ಸಿಬಿಆರ್‌ಐ) ಇಂಥ ನೆಲಕ್ಕೆ ಅಂಡರ್‌ರೀಮ್ಡ್ ಪೈಲ್ ಅನ್ನುವ, ಬುಡದಲ್ಲಿ ಗುಬುಟಾಗಿ ಅಗಲವಾದ ಕಂಬಗಳನ್ನು ಅಷ್ಟು ಆಳಕ್ಕೆ ಇಳಿಸುವ ಪದ್ಧತಿ ತಂದಿತು. ಹಳೇ ಮನೆಗಳ ಪಾಯ ಮೂರ್ನಾಲ್ಕು ಅಡಿಗೇ ನಿಂತಿರುವುದು ಮಾಮೂಲು. ಮಣ್ಣು ಅಲುಗಾಡುವ ಪದರದಲ್ಲೇ ಮನೆ ಕೂತಿದೆ ಅಂತಾಯಿತು.

ಇಂಥ ಬಿರುಕನ್ನು ಮೇ ತಿಂಗಳಲ್ಲಿ, ಪೂರಾ ಬಾಯಿ ಬಿಟ್ಟಾಗ ಗಟ್ಟಿ ಸಿಮೆಂಟ್ ಹಾಕಿ ತುಂಬಲೇಬೇಡಿ. ಮಳೆ ಬಂದು ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳಲು ನೋಡುತ್ತದೆ, ನಡುವೆ ಸಿಮೆಂಟ್ ಇರುತ್ತದೆ. ಗೋಡೆ ಇನ್ನೊಂದು ಕಡೆ ಒಡೆಯುತ್ತದೆ.

ನಮ್ಮ ಮನೆ ಕೆಳಗೆ ಎರೆ ಮಣ್ಣಿದೆಯೋ ಮುರುಮ್ ಇದೆಯೋ?

ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ಮನೆಗಳಿಗೆ ಸ್ವಲ್ಪ ಅಗೆದರೇ ಮುರುಮ್ ಸಿಗುತ್ತದೆ. ನಮ್ಮ ಕಡೆ ಗರಸು ಅಂತಾರಲ್ಲ, ಅದೇ. ಪಾಯ ಅದರ ಮೇಲೆ ಕೂತಿದ್ದರೆ ಅದೃಷ್ಟ. ನದಿ, ಹಳ್ಳ, ಕಾಲುವೆ ಪಕ್ಕ, ಹಡಪ್ಸರ್, ಮಾಂಜರಿ ಕಡೆಯ ಹಳೇ ಹೊಲಗಳಲ್ಲಿ ಎರೆ ಮಣ್ಣು ದಪ್ಪ ಇರುತ್ತದೆ.

ಆದರೆ ಪಕ್ಕದ ಪ್ಲಾಟ್ ನೋಡಿ ನಿಮ್ಮದನ್ನು ಊಹಿಸಬೇಡಿ. ಅಗೆದು ನೋಡುವುದೊಂದೇ ದಾರಿ. ಬಿರುಕಿರುವ ಮೂಲೆಯ ಹತ್ತಿರ ಗೋಡೆಗೆ ತಾಗಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಗುಂಡಿ ತೋಡಿಸಿ. ಪಾಯದ ಬುಡ ಕಾಣಬೇಕು, ಅದರ ಕೆಳಗಿನ ಮಣ್ಣೂ ಕಾಣಬೇಕು. ಪಾಯದ ಅಡಿಗೆ ಮಾತ್ರ ತೋಡಬಾರದು. ಬೇಸಿಗೆಯಲ್ಲೇ ಮಾಡಿ, ಒಂದು ಸಲಕ್ಕೆ ಒಂದೇ ಗುಂಡಿ, ನೋಡಿ ಮುಗಿದ ಕೂಡಲೇ ಪದರ ಪದರವಾಗಿ ದಮ್ಮಸು ಮಾಡಿ ಮುಚ್ಚಿಸಿ.

ಗುಂಡಿಯೊಳಗೆ ಇಳಿದವರು ಏನು ನೋಡಬೇಕು? ಪಾಯದ ಕಲ್ಲುಗಳ ನಡುವಿನ ಗಾರೆಯನ್ನು ಮೊಳೆಯಿಂದ ಕೆರೆಯಿರಿ. ಸುಣ್ಣದ ಗಾರೆ ಗಟ್ಟಿ ಇದ್ದರೆ ಮೊಳೆ ಜಾರುತ್ತದೆ, ಸತ್ತಿದ್ದರೆ ಹಿಟ್ಟಿನಂತೆ ಉದುರುತ್ತದೆ. ಮಣ್ಣಿನಲ್ಲಿ ಸಣ್ಣ ಬೇರುಗಳಿವೆಯಾ? ಒಂದು ಕಡೆ ಮಾತ್ರ ಹಸಿ ಇದೆಯಾ? ವಾಸನೆ ಬರುತ್ತಿದೆಯಾ? ಬಂದರೆ ಅದು ಡ್ರೈನೇಜ್. ಪಾಯದ ಕೆಳಗಿನ ಮಣ್ಣನ್ನು ಚೀಲದಲ್ಲಿ ಕಟ್ಟಿ ಮಣ್ಣು ಪರೀಕ್ಷೆಯ ಲ್ಯಾಬಿಗೆ ಕೊಡಿ, ಮಣ್ಣು ನೀರಿನಲ್ಲಿ ಎಷ್ಟು ಉಬ್ಬುತ್ತದೆ ಅಂತ ತೋರಿಸುವ ಫ್ರೀ ಸ್ವೆಲ್ ಇಂಡೆಕ್ಸ್ ನೋಡಲು ಹೇಳಿ. ಅದು ಶೇ. 50 ದಾಟಿದರೆ ಬಹಳ ಉಬ್ಬುವ ಮಣ್ಣು.

ನೀರಿನ ಮೂಲ ಹುಡುಕುವುದು ಹೇಗೆ?

ಇದಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆ. ದೊಡ್ಡ ಖರ್ಚಿಲ್ಲದೆ ಮುಗಿಯುವ ಕೆಲಸ ಇದೊಂದೇ, ಎಷ್ಟೋ ಮನೆಗಳಲ್ಲಿ ಇದರಿಂದಲೇ ಬಿರುಕು ನಿಂತಿದೆ.

ತಾರಸಿಯ ನೀರಿನ ಪೈಪ್ ಎಲ್ಲಿ ಬಿಡುತ್ತಿದೆ ನೋಡಿ. ಗೋಡೆಯ ಬುಡದಲ್ಲೇ ಸುರಿಯುತ್ತಿದ್ದರೆ ಇವತ್ತೇ ಅದಕ್ಕೊಂದು ಪೈಪ್ ಜೋಡಿಸಿ ಎರಡು ಮೂರು ಮೀಟರ್ ಆಚೆ ಬಿಡಿ. ನೆಲದೊಳಗಿನ ಟ್ಯಾಂಕ್ ರಾತ್ರಿ ತುಂಬಿಸಿ, ಬರುವ ಹೋಗುವ ಎರಡೂ ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಗೆರೆ ಎಳೆದು 24 ಗಂಟೆ ಬಿಟ್ಟು ನೋಡಿ. ಮಟ್ಟ ಇಳಿದಿದ್ದರೆ ಟ್ಯಾಂಕ್ ಸೋರುತ್ತಿದೆ. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿದ ಮೇಲೂ ಮೀಟರ್ ತಿರುಗುತ್ತಿದ್ದರೆ ಪೈಪ್ ಒಡೆದಿದೆ.

ಡ್ರೈನೇಜ್ ಪೈಪುಗಳೇ ದೊಡ್ಡ ಕಳ್ಳರು. ಆ ಕಾಲದ ಮನೆಗಳಲ್ಲಿ ಮೆರುಗು ಹಚ್ಚಿದ ಮಣ್ಣಿನ ಪೈಪುಗಳನ್ನು ಸಿಮೆಂಟ್ ಹಚ್ಚಿ ಜೋಡಿಸುತ್ತಿದ್ದರು. ಮಣ್ಣು ಸ್ವಲ್ಪ ಅಲುಗಿದರೆ ಜೋಡಣೆ ಬಿಡುತ್ತದೆ, ನೀರು ಸೋರಿ ಮಣ್ಣು ಇನ್ನೂ ಅಲುಗುತ್ತದೆ, ಮತ್ತೊಂದು ಜೋಡಣೆ ಬಿಡುತ್ತದೆ. ಪ್ಲಂಬರ್‌ಗೆ ಹೇಳಿ ಕೆಳಗಿನ ಚೇಂಬರ್ ಬಾಯಿ ಬಂದ್ ಮಾಡಿಸಿ, ಮೇಲಿನ ಚೇಂಬರ್ ತನಕ ನೀರು ತುಂಬಿಸಿ, ಮಟ್ಟ ಇಳಿಯುತ್ತದಾ ಅಂತ ಅರ್ಧ ಗಂಟೆ ನೋಡಿ.

ಆಮೇಲೆ ಮನೆಯ ಸುತ್ತ ಪ್ಲಿಂತ್ ಪ್ರೊಟೆಕ್ಷನ್ ಹಾಕಿಸಿ. ಸುಮಾರು ಒಂದು ಮೀಟರ್ ಅಗಲದ ಕಾಂಕ್ರೀಟ್ ಪಟ್ಟಿ, ಹೊರಗೆ ಇಳಿಜಾರು, ಗೋಡೆಗೆ ತಾಗುವ ಸಂದಿಯಲ್ಲಿ ಮೆತ್ತಗಿನ ಸೀಲಂಟ್. ಗೋಡೆಗೆ ತಾಗಿ ಹೂವಿನ ಪಾತಿ ಇದ್ದರೆ ಅದನ್ನು ದೂರ ಸರಿಸಿ. ದಿನಾ ನೀರು ಹಾಕುವ ದಾಸವಾಳದ ಪಾತಿ ಆ ಮೂಲೆಯನ್ನು ಮಾತ್ರ ಹಸಿಯಾಗಿಡುತ್ತದೆ. ಮಳೆ ನೀರು ಇಂಗಿಸುವ ಗುಂಡಿ ಬೇಕೇ ಬೇಕು, ಆದರೆ ಎರೆ ಮಣ್ಣಿದ್ದರೆ ಅದನ್ನು ಪ್ಲಾಟಿನ ಆಚೆ ಮೂಲೆಗೆ ಇಡಿ.

ಹಳ್ಳದ ಪಕ್ಕದವರಿಗೆ ಒಂದು ಮಾತು. 2019ರ ಸೆಪ್ಟೆಂಬರ್ 25ರ ರಾತ್ರಿ ಅಂಬಿಲ್ ಓಢಾ ಅನ್ನುವ ಹಳ್ಳ ಉಕ್ಕಿದ್ದನ್ನು ಯಾರೂ ಮರೆತಿಲ್ಲ. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದ ನೀರು ನದಿ ದಂಡೆಯ ಪೇಟೆಗಳನ್ನು ಮುಳುಗಿಸಿತ್ತು. ಪ್ರವಾಹ ಬಂದು ಹೋದ ಮನೆಯಲ್ಲಿ ಪಾಯದ ಪಕ್ಕದ ಮಣ್ಣು ಕೊಚ್ಚಿ ಹೋಗಿ ಒಳಗೆ ಪೊಳ್ಳು ಉಳಿದಿರಬಹುದು. ಮೇಲೆ ಹಾಸಿದ ಫರಸಿ ಚೆನ್ನಾಗಿಯೇ ಕಾಣುತ್ತದೆ. ಸಬ್ಬಲಿನಿಂದ ಕುಟ್ಟಿ ಸದ್ದು ಕೇಳಿ.

ಮರ ಕಡಿಸಿದರೆ ಸರಿ ಹೋಗುತ್ತಾ?

ಕೆಲವು ಸಲ ಇನ್ನೂ ಹಾಳಾಗುತ್ತದೆ. ದೊಡ್ಡ ಮರ ಎರೆ ಮಣ್ಣಿನಿಂದ ನೀರು ಎಳೆದು ಕುಗ್ಗಿಸುತ್ತದೆ, ನಿಜ. ಆದರೆ ನಲವತ್ತು ವರ್ಷದ ಮರ ಒಮ್ಮೆಗೇ ಹೋದರೆ ಮಣ್ಣಿಗೆ ನೀರು ವಾಪಸ್ ಬಂದು ನೆಲ ಮೇಲೇಳಬಹುದು. ಮೊದಲು ಕೊಂಬೆ ಕಡಿಮೆ ಮಾಡಿ, ಇಂಜಿನಿಯರ್ ಹೇಳಿದರೆ ಗೋಡೆಗೂ ಮರಕ್ಕೂ ನಡುವೆ ಬೇರು ತಡೆಯುವ ಗೋಡೆ ಇಳಿಸಿ. ನಗರದಲ್ಲಿ ಮರ ಕಡಿಯಲು 1975ರ ಮಹಾರಾಷ್ಟ್ರ ಮರ ಸಂರಕ್ಷಣೆ ಕಾಯ್ದೆಯಂತೆ ಅನುಮತಿ ಬೇಕು, ಪ್ಲಾಟ್ ನಿಮ್ಮದೇ ಆದರೂ.

ಗೋಡೆಯ ಸಂದಿಯಲ್ಲೇ ಹುಟ್ಟಿದ ಅರಳಿ ಸಸಿ ಬೇರೆ ಮಾತು. ಅದನ್ನು ಬೇರು ಸಮೇತ ತೆಗೆಸಿ, ಬರೀ ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ.

ನೆಲ ಕುಸಿದಿದೆ, ಗೋಡೆಯಲ್ಲಿ ಬಿರುಕಿಲ್ಲ. ಅದೂ ಪಾಯವಾ?

ಅಲ್ಲ. ಪ್ಲಿಂತ್ ಒಳಗೆ ತುಂಬಿದ ಮಣ್ಣು ಸರಿಯಾಗಿ ದಮ್ಮಸು ಆಗಿಲ್ಲ, ಇಲ್ಲವೇ ಪೈಪ್ ಸೋರಿ ಇಳಿದಿದೆ. ಫರಸಿ ಎಬ್ಬಿಸಿ, ಪೈಪ್ ನೋಡಿ, ಮುರುಮ್ ತುಂಬಿ ದಮ್ಮಸು ಮಾಡಿ ಮತ್ತೆ ಹಾಸಿ.

ಕಲ್ಲಿನ ಗೋಡೆ ಹೊಟ್ಟೆ ಬಿಟ್ಟಿದೆ. ಬಿರುಕು ಮಾತ್ರ ಸಣ್ಣದು.

ಇದನ್ನು ಎಲ್ಲಕ್ಕಿಂತ ಗಂಭೀರವಾಗಿ ತಗೊಳ್ಳಿ. ಹಳೇ ವಾಡೆಗಳ (ಅಂಗಳವಿರುವ ದೊಡ್ಡ ಮನೆಗಳು), ಗಾವಠಾಣದ (ಹಳೇ ಊರಿನ ಜಾಗ) ಮನೆಗಳ ದಪ್ಪ ಕಲ್ಲಿನ ಗೋಡೆ ನಿಜವಾಗಿ ಎರಡು ಗೋಡೆ. ಒಳಮೈ ಒಂದು, ಹೊರಮೈ ಒಂದು, ನಡುವೆ ಮಣ್ಣು ಮತ್ತು ಚೂರು ಕಲ್ಲು. ಎರಡನ್ನೂ ಹಿಡಿದಿಡುವ ಉದ್ದ ಕಲ್ಲುಗಳು ಸಾಕಷ್ಟಿಲ್ಲದಿದ್ದರೆ ನೀರು ಹೊಕ್ಕಾಗ ನಡುವಿನ ಮಣ್ಣು ಇಳಿದು ಹೊರಮೈ ಹೊರಗೆ ಬಾಗುತ್ತದೆ. 1993ರ ಸೆಪ್ಟೆಂಬರ್ 30ರಂದು ಲಾತೂರ್ ಕಡೆಯ ಕಿಲ್ಲಾರಿಯ ಭೂಕಂಪದಲ್ಲಿ ಅಷ್ಟೊಂದು ಜನ ಸತ್ತದ್ದು ಇಂಥ ಗೋಡೆಗಳ ಕೆಳಗೆ. ಪುಣೆಗೂ ಭೂಮಿ ನಡುಗುವುದು ಹೊಸದಲ್ಲ, 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ ಇಲ್ಲಿಯ ತನಕ ಮುಟ್ಟಿತ್ತು.

ತೂಕದ ಗುಂಡು ಇಳಿಬಿಟ್ಟು ಗೋಡೆ ಎಷ್ಟು ಬಾಗಿದೆ ಅಳೆಯಿರಿ. ಮಲಗುವ ಮಂಚವನ್ನು ಆ ಗೋಡೆಯಿಂದ ದೂರ ಇಡಿ. ಇಂಜಿನಿಯರ್ ಬಂದು ಆನಿಕೆ ಕೊಡಿಸುವ ತನಕ ಕಲ್ಲು ಕೀಳುವುದು, ಪ್ಲಾಸ್ಟರ್ ಕೆತ್ತುವುದು ಏನೂ ಬೇಡ. ಕಿಲ್ಲಾರಿಯ ನಂತರ ಇಂಥ ಗೋಡೆಗಳನ್ನು ಉಳಿಸಲು ಒಂದು ಒಳ್ಳೇ ಪದ್ಧತಿ ಬಳಕೆಗೆ ಬಂತು. ಗೋಡೆಯ ಆರಪಾರ ತೂತು ಮಾಡಿ, ಎರಡೂ ತುದಿ ಬಗ್ಗಿಸಿದ ಸರಳು ಇಟ್ಟು, ಕಾಂಕ್ರೀಟ್ ತುಂಬುತ್ತಾರೆ. ಎರಡೂ ಮೈ ಒಂದಾಗುತ್ತವೆ. ಆದರೆ ಹೊಟ್ಟೆ ಈಗಾಗಲೇ ಜಾಸ್ತಿ ಬಂದಿದ್ದರೆ ಆ ಭಾಗ ಬಿಚ್ಚಿ ಕಟ್ಟುವುದೇ ಸರಿ.

ಯಾರನ್ನು ಕರೆಸಬೇಕು? ಗೌಂಡಿ ಸಾಕಾಗಲ್ವಾ?

ಕೈಕೆಲಸಕ್ಕೆ ಒಳ್ಳೇ ಗೌಂಡಿ ಬೇಕೇ ಬೇಕು. ಪುಣೆಯಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಗೌಂಡಿಗಳು ಬಹಳ ಇದ್ದಾರೆ, ಕಲ್ಲಿನ ಕೆಲಸ ಬಲ್ಲವರು, ಕನ್ನಡದಲ್ಲೇ ಮಾತಾಡಿ ಕೆಲಸ ಮಾಡಿಸಬಹುದು. ಆದರೆ ಕಾರಣ ಹೇಳಬೇಕಾದವರು ಸ್ಟ್ರಕ್ಚರಲ್ ಇಂಜಿನಿಯರ್. ಪಾಲಿಕೆಯಲ್ಲಿ ನೋಂದಾಯಿಸಿಕೊಂಡವರನ್ನೇ ಕರೆಸಿ. ರಿಪೇರಿಯ ಗುತ್ತಿಗೆಯನ್ನೂ ತಾವೇ ಹಿಡಿಯುವವರು ಬೇಡ, ಬರೀ ವರದಿಗೆ ಫೀ ತಗೊಳ್ಳುವವರು ಬೇಕು.

ವರದಿಯಲ್ಲಿ ಕಾರಣ ಬರೆದಿರಬೇಕು. "ಎಪಾಕ್ಸಿ ಗ್ರೌಟಿಂಗ್ ಮಾಡಿಸಿ" (ಬಿರುಕಿನೊಳಗೆ ಗಟ್ಟಿಯಾಗುವ ಅಂಟು ತುಂಬಿಸುವುದು) ಅಂತ ಮಾತ್ರ ಬರೆದ ಒಂದು ಪುಟ ವರದಿ ಅಲ್ಲ. ಇನ್ನೊಂದು ವಿಷಯ: ಗೋಡೆಗೆ ತಟ್ಟುವ ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆ ಇವೆಲ್ಲ ಮುಖ್ಯವಾಗಿ ಕಾಂಕ್ರೀಟಿಗೆ. ಕಲ್ಲು ಮಣ್ಣಿನ ಗೋಡೆಗೆ ಅವನ್ನು ಮಾಡಿಸಿ ಬಿಲ್ ಕಟ್ಟಬೇಡಿ. ನಿಮ್ಮ ಅಳತೆಯ ಪುಸ್ತಕ, ಅಗೆದ ಗುಂಡಿಯ ಫೋಟೋ ಅದಕ್ಕಿಂತ ಜಾಸ್ತಿ ಹೇಳುತ್ತವೆ.

ಬಿರುಕನ್ನು ಯಾವುದರಿಂದ ತುಂಬಬೇಕು?

ಗೋಡೆ ಯಾವುದರಿಂದ ಕಟ್ಟಿದೆಯೋ ಅದಕ್ಕೆ ಒಗ್ಗುವುದರಿಂದ. ಸುಣ್ಣದ ಗಾರೆಯ ಗೋಡೆಗೆ ಸುಣ್ಣದ್ದೇ ಗಾರೆ, ಸುಮಾರು ಒಂದಕ್ಕೆ ಮೂರು ಮರಳು. ಗಟ್ಟಿ ಸಿಮೆಂಟ್ ಹಾಕಿದರೆ ಅದು ಬಗ್ಗುವುದಿಲ್ಲ, ಪಕ್ಕದ ಮೆತ್ತಗಿನ ಇಟ್ಟಿಗೆ ಒಡೆಯುತ್ತದೆ. ಗೋಡೆಯೊಳಗಿನ ತೇವ ಹೊರಗೆ ಹೋಗಲೂ ಬಿಡುವುದಿಲ್ಲ.

ಬಿರುಕಿನ ಸಡಿಲ ಗಾರೆ ಕೆರೆದು, ಊದಿ, ನೀರು ಹೊಡೆದು ತೋಯಿಸಿ, ಗಾರೆಯನ್ನು ಸ್ವಲ್ಪ ಸ್ವಲ್ಪವೇ ಒಳಗೆ ಒತ್ತಿ ತುಂಬಬೇಕು. ಒಂದು ವಾರಕ್ಕೂ ಜಾಸ್ತಿ ಹಸಿ ಗೋಣಿ ಮುಚ್ಚಿಡಬೇಕು. ಗೋಡೆ ಒಳಗೆ ಪೊಳ್ಳಿದ್ದರೆ ಸುಣ್ಣದ ತೆಳು ಗ್ರೌಟನ್ನು (ನೀರಾಗಿ ಕಲಸಿದ ಗಾರೆಯನ್ನು) ಕೆಳಗಿನ ತೂತಿನಿಂದ ಶುರು ಮಾಡಿ ಮೇಲಕ್ಕೆ, ಕಡಿಮೆ ಒತ್ತಡದಲ್ಲಿ ಇಳಿಸಬೇಕು. ಒತ್ತಡ ಜಾಸ್ತಿ ಆದರೆ ಗೋಡೆಯೇ ಬಿರಿಯುತ್ತದೆ.

ಇಟ್ಟಿಗೆ ಗೋಡೆ ಸೀಳಿದ್ದರೆ ಹೊಲಿಗೆ ಹಾಕಬೇಕು. 6 ಮಿ.ಮೀ.ನ ಸುರುಳಿ ಸ್ಟೇನ್‌ಲೆಸ್ ಸ್ಟೀಲ್ ಸರಳನ್ನು ಇಟ್ಟಿಗೆಯ ಅಡ್ಡ ಸಂದಿಯಲ್ಲಿ ಕೂರಿಸಿ, ಬಿರುಕಿನ ಎರಡೂ ಕಡೆ ಕನಿಷ್ಠ ಅರ್ಧ ಮೀಟರ್ ಹೋಗುವಂತೆ, ನಾಲ್ಕರಿಂದ ಆರು ಸಾಲಿಗೊಂದು. ಎಪಾಕ್ಸಿ ಕಾಂಕ್ರೀಟಿಗೆ ಸರಿ, ಅದೂ ಬಿರುಕು ನಿಂತಿದ್ದರೆ ಮಾತ್ರ. ಪೇಂಟ್ ಅಂಗಡಿಯ ಕ್ರ್ಯಾಕ್ ಫಿಲ್ಲರ್ ಬಣ್ಣದ ಕೆಲಸಕ್ಕೆ ಇರುವುದು.

ಅಂಡರ್‌ಪಿನ್ನಿಂಗ್ ಯಾವಾಗ ಬೇಕು? ಅಪಾಯ ಇದೆಯಾ?

ನೀರು ನಿಲ್ಲಿಸಿ, ಒಂದು ವರ್ಷ ಅಳೆದ ಮೇಲೂ ಗೋಡೆ ಇಳಿಯುತ್ತಲೇ ಇದ್ದರೆ ಬೇಕು. ಹಳೇ ಪಾಯದ ಅಡಿಯಲ್ಲಿ ಅಗೆದು, ಅಲುಗದ ಮುರುಮ್ ಪದರದ ತನಕ ಹೊಸ ಕಾಂಕ್ರೀಟ್ ಇಳಿಸುವ ಕೆಲಸ ಇದು. ತಪ್ಪಿದರೆ ಗೋಡೆ ಬೀಳುತ್ತದೆ, ಒಳಗಿರುವವರ ಮೇಲೆ.

ಗೋಡೆಯನ್ನು ಒಂದರಿಂದ 1.2 ಮೀಟರ್ ಉದ್ದದ ತುಂಡುಗಳಾಗಿ ಗುರುತಿಸಿ ನಂಬರ್ ಹಾಕಬೇಕು. ಅಕ್ಕಪಕ್ಕದ ಎರಡು ತುಂಡು ಯಾವತ್ತೂ ಒಟ್ಟಿಗೆ ತೋಡಬಾರದು. ಒಂದು ತೋಡಿ ಕಾಂಕ್ರೀಟ್ ಹಾಕಿ, ಹಳೇ ಪಾಯದ ಕೆಳಗೆ ಎರಡು ಮೂರು ಇಂಚು ಜಾಗ ಬಿಡಬೇಕು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಆ ಜಾಗಕ್ಕೆ ಕುಗ್ಗದ ಗಾರೆಯನ್ನು ಬಿಗಿಯಾಗಿ ಜಡಿದು ತುಂಬಬೇಕು. ಗೋಡೆಯ ಭಾರ ಹೊಸ ಪಾಯಕ್ಕೆ ಹೋಗುವುದು ಆ ಎರಡು ಮೂರು ಇಂಚಿನ ಮೂಲಕವೇ, ಹಾಗಾಗಿ ಆ ಹೊತ್ತಿಗೆ ನೀವೋ ಇಂಜಿನಿಯರೋ ಎದುರಿಗೆ ನಿಂತಿರಿ. ಅದಾದ ಮೇಲೆಯೇ ಪಕ್ಕದ ತುಂಡು. ಬೇಗ ಮುಗಿಸುತ್ತೇನೆ ಅಂತ ಗುತ್ತಿಗೆದಾರ ಗೋಡೆಯುದ್ದಕ್ಕೂ ಕಾಲುವೆ ತೋಡಿಸಿದರೆ ಅಲ್ಲೇ ಕೆಲಸ ನಿಲ್ಲಿಸಿ.

ಇನ್ನೊಂದು ತೊಂದರೆ ಇದೆ. ಒಂದು ಮೂಲೆಯನ್ನು ಮಾತ್ರ ಆಳಕ್ಕೆ ಇಳಿಸಿದರೆ ಅದು ನಿಲ್ಲುತ್ತದೆ, ಉಳಿದ ಮನೆ ಎರೆ ಮಣ್ಣಿನ ಮೇಲೆ ಏಳುತ್ತಾ ಇಳಿಯುತ್ತಾ ಇರುತ್ತದೆ. ಎರಡೂ ಸೇರುವ ಕಡೆ ಹೊಸ ಬಿರುಕು ಬರುತ್ತದೆ. ಎಲ್ಲಿಗೆ ನಿಲ್ಲಿಸುತ್ತೀರಿ, ಅಲ್ಲಿ ಏನು ಮಾಡುತ್ತೀರಿ ಅಂತ ಇಂಜಿನಿಯರನ್ನು ಕೇಳಿ.

ಕೆಲಸ ಯಾವ ತಿಂಗಳಲ್ಲಿ?

ಅಗೆತ ನವೆಂಬರ್‌ನಿಂದ ಮೇ ಒಳಗೆ. ಒಳಗಿನ ಪ್ಲಾಸ್ಟರ್, ಬಣ್ಣ ಮಾತ್ರ ಅದರ ಮುಂದಿನ ಮಳೆಗಾಲ ಕಳೆದ ಮೇಲೆ.

ಪಕ್ಕದಲ್ಲಿ ಹಳೇ ಬಂಗಲೆ ಕೆಡವಿ ಬೇಸ್‌ಮೆಂಟ್ ತೋಡುತ್ತಿದ್ದಾರೆ. ಏನು ಮಾಡಲಿ?

ಅವರು ಅಗೆಯಲು ಶುರು ಮಾಡುವ ಮೊದಲೇ ನಿಮ್ಮ ಮನೆಯ ಪ್ರತಿ ಗೋಡೆಯ ಫೋಟೋ ತೆಗೆದಿಡಿ, ಸ್ಕೇಲ್ ಇಟ್ಟು, ತಾರೀಖು ಬರುವಂತೆ. ಬಿಲ್ಡರಿಗೂ ಪಾಲಿಕೆಗೂ ಪತ್ರ ಬರೆದು ಸಹಿ, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ. ಆಮೇಲೆ "ಇದು ಹಳೇ ಬಿರುಕು" ಅಂದರೆ ನಿಮ್ಮ ಹತ್ತಿರ ಇರುವ ಉತ್ತರ ಇದೊಂದೇ.

ಕಪ್ಪು ಕಲ್ಲು ಒಡೆಯುವ ಬ್ರೇಕರಿನ ಸದ್ದಿಗೆ ಎಲ್ಲರೂ ಹೆದರುತ್ತಾರೆ. ನಾನು ಜಾಸ್ತಿ ಹೆದರುವುದು ಆಸರೆ ಕೊಡದೆ ನೇರವಾಗಿ ಕಡಿದ ಮಣ್ಣಿನ ಅಂಚಿಗೆ, ಮತ್ತು ಆ ಗುಂಡಿಯಿಂದ ಹಗಲೂ ರಾತ್ರಿ ನೀರೆತ್ತುವ ಪಂಪಿಗೆ. ನಿಮ್ಮ ಕೆಳಗಿನ ಮಣ್ಣೂ ಅದರ ಜೊತೆ ಒಣಗುತ್ತದೆ.

ವಾಡೆಯಲ್ಲಿ ಬಾಡಿಗೆಗಿದ್ದೇವೆ. ಮಾಲೀಕರು ರಿಪೇರಿ ಮಾಡಿಸುತ್ತಿಲ್ಲ.

1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 14ನೇ ಕಲಂ ಪ್ರಕಾರ ಮನೆಯನ್ನು ಸರಿಯಾಗಿ ಇಡುವುದು ಮಾಲೀಕರ ಕೆಲಸ. ಕನಿಷ್ಠ 15 ದಿನದ ನೋಟಿಸ್ ಕೊಟ್ಟ ಮೇಲೂ ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿಯಬಹುದು, ಆದರೆ ವರ್ಷದ ಬಾಡಿಗೆಯ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಇಲ್ಲ. ಹಳೇ ವಾಡೆಯ ಬಾಡಿಗೆಯಲ್ಲಿ ಅದು ಎಷ್ಟಕ್ಕೂ ಸಾಲುವುದಿಲ್ಲ ಅನ್ನುವುದು ನೋವಿನ ಸಂಗತಿ. ಪಾಲಿಕೆ ಕಾಯ್ದೆಯಲ್ಲಿ 30 ವರ್ಷ ದಾಟಿದ ಕಟ್ಟಡದ ಸ್ಥಿತಿಯನ್ನು ಇಂಜಿನಿಯರಿಂದ ಪರೀಕ್ಷೆ ಮಾಡಿಸಬೇಕು ಅಂತಲೂ ಇದೆ. ಗೋಡೆ ಬಾಗಿದ್ದರೆ ವಾರ್ಡ್ ಆಫೀಸಿಗೆ ಲಿಖಿತ ದೂರು ಕೊಡಿ. ಮನೆ ಹೋಗಬಹುದೆಂಬ ಭಯಕ್ಕೆ ಸುಮ್ನೆ ಕೂರಬೇಡಿ, ಮಳೆಗಾಲದ ರಾತ್ರಿ ಬೀಳುವ ಗೋಡೆಗೆ ಯಾವ ಹಕ್ಕೂ ಗೊತ್ತಿಲ್ಲ.

ನಮ್ಮ ಮನೆ ಗೋವಾದಲ್ಲಿದೆ, ತಮ್ಮ ಮುಂಬೈಯಲ್ಲಿದ್ದಾನೆ. ಇದೆಲ್ಲ ಅಲ್ಲಿಗೂ ಸರಿಯಾ?

ಅಳೆಯುವುದು, ನೀರು ಹುಡುಕುವುದು ಎಲ್ಲ ಕಡೆ ಒಂದೇ. ಗೋವಾದಲ್ಲಿ ಗೋಡೆ, ಪಾಯ ಎರಡೂ ಕೆಂಪು ಮುರಕಲ್ಲಿನದು, ಎಷ್ಟೋ ಕಡೆ ಮಣ್ಣಿನ ಗಾರೆ. ಅಲ್ಲಿ ಉಬ್ಬುವ ಮಣ್ಣಿನ ಕಾಟ ಕಡಿಮೆ, ಕೊಚ್ಚುವ ಮಳೆಯ ಕಾಟ ಜಾಸ್ತಿ. ಮುರಕಲ್ಲಿನ ಕೆಳಗೆ ಕರಾವಳಿಯವರು ಶೇಡಿ ಮಣ್ಣು ಅನ್ನುವ ಮೆತ್ತಗಿನ ಪದರ ಇರುತ್ತದೆ. ಇಳಿಜಾರಿನಲ್ಲಿ ನೀರು ಅದನ್ನು ತೊಳೆದುಕೊಂಡು ಹೋದರೆ ಪಾಯದ ಕೆಳಗೆ ಪೊಳ್ಳಾಗುತ್ತದೆ. ಹೆಂಚಿನ ಮಾಡಿನ ಸೂರು ನೀರು ಗೋಡೆಯಿಂದ ದೂರ ಬೀಳಲಿ. ಮುರಕಲ್ಲಿಗೆ ಸಿಮೆಂಟ್ ಪ್ಲಾಸ್ಟರ್ ಹೊಡೆದು ಬಾಯಿ ಮುಚ್ಚಬೇಡಿ.

ಮುಂಬೈಯ ಚಾಳು, ಹಳೇ ಕಟ್ಟಡಗಳಲ್ಲಿ ಒಬ್ಬರೇ ಪಾಯ ಮುಟ್ಟುವಂತಿಲ್ಲ. ದ್ವೀಪ ನಗರದ ಸೆಸ್ ಕಟ್ಟಡವಾದರೆ (ರಿಪೇರಿಗೆಂದು ತೆರಿಗೆ ಕಟ್ಟುವ ಹಳೇ ಕಟ್ಟಡ) ರಾಜ್ಯದ ವಸತಿ ಸಂಸ್ಥೆ ಮ್ಹಾಡಾದ ರಿಪೇರಿ ಮಂಡಳಿಗೆ ದೂರು ಕೊಡಬೇಕು.

ವಿಮೆ ಸಿಗುತ್ತಾ?

2021ರಿಂದ ಇರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಭೂಕಂಪ, ಪ್ರವಾಹ, ನೆಲ ಕುಸಿತ ಸೇರಿದೆ. ಸಾಮಾನ್ಯ ಬಿರುಕು, ತುಂಬಿದ ಮಣ್ಣು ಇಳಿದದ್ದು, ಕಟ್ಟುವಾಗಿನ ದೋಷ ಸೇರಿಲ್ಲ. ಪ್ರವಾಹ ಬಂದ ಮರುದಿನವೇ ತಿಳಿಸಿ, ಫೋಟೋ ತೆಗೆಯದೆ ಕೆಸರು ತೊಳೆಯಬೇಡಿ.

ಮನೆ ಮಾರುವಾಗ ಬಿರುಕಿನ ವಿಷಯ ಹೇಳಬೇಕಾ?

ಹೇಳಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಸುಲಭಕ್ಕೆ ಕಾಣದ ದೊಡ್ಡ ದೋಷವನ್ನು ತಿಳಿಸಲೇಬೇಕು. ಬಣ್ಣ ಹೊಡೆದು ಮುಚ್ಚಿದ್ದು ಆಮೇಲೆ ಕೋರ್ಟಿಗೆ ಹೋಗಬಹುದು. ಇಂಜಿನಿಯರ್ ವರದಿ, ರಿಪೇರಿಯ ಬಿಲ್, ಫೋಟೋ, ಅಳತೆಯ ಪುಸ್ತಕ ಎಲ್ಲ ಒಂದು ಫೈಲಿನಲ್ಲಿ ಇಟ್ಟು ತೋರಿಸಿ. ರಿಪೇರಿಯಾದ ಮೇಲೆ ಎರಡು ಮಳೆಗಾಲ ಅಳತೆ ಬದಲಾಗಿಲ್ಲ ಅಂತ ಕಂಡರೆ ಕೊಳ್ಳುವವರ ಇಂಜಿನಿಯರ್ ಕೇಳುವ ಪ್ರಶ್ನೆಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ. ಸ್ಕ್ರೂಗಳನ್ನು ಕೀಳಬೇಡಿ, ಹೊಸಬರು ಅಲ್ಲಿಂದಲೇ ಮುಂದೆ ಅಳೆಯಬಹುದು.